ಶ್ರೀರಂಗಪಟ್ಟಣದ ದಂಡನ್ನು ಎತ್ತಿ ಬೆಂಗಳೂರಲ್ಲಿ ಕೂರಿಸುವುದು ಹೇಗೆ

ಇದು ಕಾಗದದ ಮೇಲೆ ಆಡುವ ಆಟ. ಮೂರ್ನಾಲ್ಕು ಜನ, ಒಂದು ದೊಡ್ಡ ಹಾಳೆ, ಪೆನ್ಸಿಲು, ರಬ್ಬರು, ಅರ್ಧ ದಿನ ಬಿಡುವು ಇದ್ದರೆ ಸಾಕು. ನೀವು 1809ರಲ್ಲಿ ಮದ್ರಾಸ್ ಸೈನ್ಯದ ಎಂಜಿನಿಯರು ಅಂದುಕೊಳ್ಳಿ. ಶ್ರೀರಂಗಪಟ್ಟಣದಲ್ಲಿರುವ ಈಸ್ಟ್ ಇಂಡಿಯಾ ಕಂಪನಿಯ ದಂಡನ್ನು, ಅಂದರೆ ಸೈನ್ಯದ ಬೀಡನ್ನು, ಎತ್ತಿ ಬೆಂಗಳೂರಿಗೆ ತರಬೇಕು, ಜಾಗ ಹುಡುಕಬೇಕು, ಬ್ಯಾರಕ್ ಕಟ್ಟಬೇಕು. ಐವತ್ತು ವರ್ಷ ಆದಮೇಲೆ ಅದನ್ನೇ ಇನ್ನಷ್ಟು ಹಿಗ್ಗಿಸಬೇಕು. ಕಾದಂಬರಿ ಬರೆಯುವವರು, ಇತಿಹಾಸದ ಮೇಷ್ಟ್ರು, ಭಾನುವಾರ ಜನರನ್ನು ಕರೆದುಕೊಂಡು ಊರು ಸುತ್ತಿಸುವವರು, ಎಲ್ಲರಿಗೂ ಇದು ಬಳಕೆಗೆ ಬರುತ್ತದೆ. ಪರದೇಶದವರ ಕುರ್ಚಿಯಲ್ಲಿ ಕೂತು ಯೋಚಿಸುವುದು ಸ್ವಲ್ಪ ಇರುಸುಮುರುಸೇ. ಆದರೆ ಅಲ್ಲಿ ಕೂರದೆ ಇದ್ದರೆ ಬೆಂಗಳೂರಿನ ಅರ್ಧ ಊರು ಯಾಕೆ ಹೀಗಿದೆ ಅಂತ ತಿಳಿಯುವುದಿಲ್ಲ.

ಮೊದಲು, ಯಾಕೆ ಹೊರಡುತ್ತಿದ್ದೀರಿ ಅಂತ ಒಂದು ಸಾಲು ಬರೆಯಿರಿ. ಸುಮ್ನೆ ಬರೆಯುವುದಲ್ಲ, ಮುಂದೆ ಪ್ರತಿ ತೀರ್ಮಾನಕ್ಕೂ ಈ ಸಾಲೇ ಅಳತೆಗೋಲು. ನಮ್ಮ ಸಾಲು ಹೀಗಿದೆ: ಜ್ವರ. 1799ರ ಮೇ 4ರಂದು ಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಕಂಪನಿ ಸೈನ್ಯ ಅಲ್ಲೇ ಬೀಡುಬಿಟ್ಟಿತು. ಸುತ್ತ ಕಾವೇರಿ, ಆಚೆ ನಾಲೆ, ಗದ್ದೆ, ನಿಂತ ನೀರು. ಗುಂಡಿಗೆ ಸಿಗದೆ ಉಳಿದವರನ್ನು ಜ್ವರ ತಿಂದಿತು. ಪಟ್ಟಣದ ಹೊರಗೆ, ಹೊಳೆಯ ಹತ್ತಿರ ಇರುವ ಗ್ಯಾರಿಸನ್ ಸ್ಮಶಾನಕ್ಕೆ ಒಮ್ಮೆ ಹೋಗಿ ಬನ್ನಿ, ಈ ಆಟಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. ಸ್ವಿಟ್ಜರ್ಲೆಂಡಿನ ದ ಮ್ಯೂರಾನ್ ಪಟಾಲಮಿನವರು, ಅಂದರೆ ಆ ತುಕಡಿಯ ಸೈನಿಕರು, ಕೂಡ ಅಲ್ಲಿ ಮಲಗಿದ್ದಾರೆ. ಎಲ್ಲಿಯ ಆಲ್ಪ್ಸ್, ಎಲ್ಲಿಯ ಕಾವೇರಿ.

ಇಲ್ಲಿ ಆಟದ ಒಂದು ಕಟ್ಟುನಿಟ್ಟಿನ ನಿಯಮ. ನಿಮಗೆ ಸೊಳ್ಳೆಯ ವಿಷಯ ಗೊತ್ತಿಲ್ಲ! ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಗುಟ್ಟು ಕಂಡದ್ದು 1897ರಲ್ಲಿ. 1809ರಲ್ಲಿ ನಿಮಗೆ ಗೊತ್ತಿರುವುದು ಕೆಟ್ಟ ಗಾಳಿ ಅಷ್ಟೇ. ಜೌಗಿನಿಂದ, ಗದ್ದೆಯಿಂದ, ಕೊಳೆತದ್ದರಿಂದ ಕೆಟ್ಟ ಗಾಳಿ ಏಳುತ್ತದೆ, ಅದೇ ಜ್ವರ ತರುತ್ತದೆ ಅನ್ನುವ ನಂಬಿಕೆ. ಕಾರಣ ತಪ್ಪು, ಆದರೆ ಗದ್ದೆಯಿಂದ ದೂರ ಹೋಗು, ಎತ್ತರಕ್ಕೆ ಹೋಗು, ಗಾಳಿ ಆಡುವ ಕಡೆ ಮನೆ ಕಟ್ಟು ಅನ್ನುವ ಉತ್ತರ ಬಹುಪಾಲು ಸರಿ. ಹಾಗಾಗಿ ಯಾರಾದರೂ 'ಕೆರೆಗೆ ಸೀಮೆಎಣ್ಣೆ ಹಾಕೋಣ' ಅಂದರೆ ಅವರಿಗೆ ಒಂದು ಅಂಕ ಕಳೆಯಿರಿ.

ಈಗ ಜಾಗ. ಶ್ರೀರಂಗಪಟ್ಟಣ ಸಮುದ್ರಮಟ್ಟದಿಂದ ಸುಮಾರು 680 ಮೀಟರ್, ಬೆಂಗಳೂರು 900ಕ್ಕೂ ಜಾಸ್ತಿ. ಮದ್ರಾಸಿನ ದಾರಿಯಲ್ಲೂ ಇದೆ. ಆದರೆ ಬೆಂಗಳೂರಲ್ಲಿ ಎಲ್ಲಿ? ಹೊಸಬರು ಎಲ್ಲರೂ ಮೊದಲು ಕೋಟೆಯ ಹತ್ತಿರ ಗುರುತು ಹಾಕುತ್ತಾರೆ. 1791ರಲ್ಲಿ ಕಾರ್ನ್‌ವಾಲಿಸ್ ಗೆದ್ದ ಕೋಟೆ, ಗಟ್ಟಿ ಗೋಡೆ, ಪಕ್ಕದಲ್ಲೇ ಪೇಟೆ, ಎಲ್ಲ ಸಿದ್ಧವಾಗಿದೆ ಅಲ್ವಾ? ಬೇಡ. ಮೂರು ವರ್ಷದ ಹಿಂದೆ, 1806ರ ಜುಲೈ 10ರಂದು, ವೆಲ್ಲೂರಿನ ಕೋಟೆಯೊಳಗೆ ಸಿಪಾಯಿಗಳು ರಾತ್ರೋರಾತ್ರಿ ದಂಗೆ ಎದ್ದು ಮಲಗಿದ್ದ ಬಿಳಿ ಸೈನಿಕರ ಬ್ಯಾರಕ್ಕಿಗೆ ಗುಂಡು ಹಾರಿಸಿದ್ದರು. ಬೆಂಗಳೂರು ದಂಡಿನ ನಕ್ಷೆ ಹಾಕಿದ ಎಂಜಿನಿಯರ್ ಅಂತ ಹೆಸರಾದ ಜಾನ್ ಬ್ಲಾಕಿಸ್ಟನ್ ಆ ಬೆಳಿಗ್ಗೆ ಆರ್ಕಾಟಿನಿಂದ ಓಡಿಬಂದ ಕುದುರೆ ದಂಡಿನ ಜತೆ ಇದ್ದವನು. ಒಂದೇ ಗೋಡೆಯೊಳಗೆ ಎಲ್ಲರನ್ನೂ ತುಂಬಿದರೆ ಏನಾಗುತ್ತದೆ ಅಂತ ಕಣ್ಣಾರೆ ಕಂಡವನು. ಆದ್ದರಿಂದ ಕೋಟೆಯನ್ನು ಮದ್ದುಗುಂಡಿನ ಉಗ್ರಾಣಕ್ಕೆ ಬಿಡಿ. ದಂಡನ್ನು ಪೂರ್ವಕ್ಕೆ, ಬಯಲಿಗೆ, ಹಲಸೂರಿನ ಕಡೆಗೆ ತನ್ನಿ. ಪೇಟೆಗೂ ದಂಡಿಗೂ ನಡುವೆ ಖಾಲಿ ಜಾಗ ಇರಲಿ. ಆ ಖಾಲಿಯಲ್ಲೇ 1870ರಲ್ಲಿ ಕಬ್ಬನ್ ಪಾರ್ಕ್ ಎದ್ದಿತು. ಇವತ್ತು ಮರದಡಿ ಕೂತು ಕಡಲೆಕಾಯಿ ತಿನ್ನುವವರು ಕೂತಿರುವುದು ಎರಡು ಊರುಗಳ ನಡುವಿನ ಆ ಅಂತರದ ಮೇಲೆ.

ಜಾಗ ಯಾರದ್ದು, ಖರ್ಚು ಯಾರದ್ದು ಅನ್ನುವುದನ್ನು ಎರಡೇ ಮಾತಲ್ಲಿ ಮುಗಿಸಿ. ಜಾಗ ಮೈಸೂರು ರಾಜರದ್ದು. ಆಗ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗರು, ಆಡಳಿತ ದಿವಾನ್ ಪೂರ್ಣಯ್ಯನವರದ್ದು. ಈ ಸೈನ್ಯ ಸಾಕಲು ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು ಅಂತ 1799ರ ಒಪ್ಪಂದದಲ್ಲೇ ಬರೆದಾಗಿದೆ. ಅಂದರೆ ನಿಮ್ಮ ಬೀಡು ನಮ್ಮ ನೆಲದಲ್ಲಿ, ನಮ್ಮ ದುಡ್ಡಲ್ಲಿ. ತಮಾಷೆ ಏನೆಂದರೆ, ಜ್ವರಕ್ಕೆ ಹೆದರಿ ಬಿಟ್ಟುಬಂದ ಶ್ರೀರಂಗಪಟ್ಟಣ ದ್ವೀಪವನ್ನು ಕಂಪನಿ ಮಾತ್ರ ತನ್ನದಾಗಿಯೇ ಇಟ್ಟುಕೊಂಡು ಮೈಸೂರಿನಿಂದ ಬಾಡಿಗೆ ಎತ್ತುತ್ತಿತ್ತು. ನಡುವೆ ಬ್ರಿಟಿಷರ ಆಡಳಿತಕ್ಕೆ ಹೋಗಿದ್ದ ರಾಜ್ಯ 1881ರಲ್ಲಿ ಒಡೆಯರಿಗೆ ವಾಪಸ್ ಬಂದಾಗ ಬ್ರಿಟಿಷರು ಆ ದ್ವೀಪವನ್ನು ಕೊಟ್ಟು ಬೆಂಗಳೂರಿನ ದಂಡು ಪ್ರದೇಶವನ್ನು ಬರೆಸಿಕೊಂಡರು.

ಸಾಗಣೆ

ಈಗ ಬೆವರು ಹರಿಯುವ ಭಾಗ. ಆಟದಲ್ಲಿ ನಾನು ಅತಿ ಜಾಸ್ತಿ ಹೊತ್ತು ಕೊಡುವುದು ಇದಕ್ಕೆ.

ದಾರಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಕೆಂಗೇರಿ. ಸುಮಾರು 125 ಕಿಲೋಮೀಟರ್. ರಾಮನಗರಕ್ಕೆ ಆಗ ಕ್ಲೋಸ್‌ಪೇಟೆ ಅಂತ ಹೆಸರು, ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ (ರೆಸಿಡೆಂಟ್) ಆಗಿದ್ದ ಬ್ಯಾರಿ ಕ್ಲೋಸನ ಹೆಸರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ಪೇಟೆ. ಗಾಡಿ, ದನ, ಹೆಂಗಸರು, ಮಕ್ಕಳು ಎಲ್ಲ ಇರುವ ದಂಡು ದಿನಕ್ಕೆ 15ರಿಂದ 18 ಕಿಲೋಮೀಟರ್ ನಡೆದರೆ ಹೆಚ್ಚು. ಬೆಳಗಿನ ಜಾವ ಹೊರಟು ಬಿಸಿಲೇರುವ ಹೊತ್ತಿಗೆ ಡೇರೆ ಹೊಡೆಯಬೇಕು. ನಡುವೆ ಒಂದೆರಡು ದಿನ ತಂಗಿದರೆ ಹತ್ತು ದಿನ ಅಂತ ಲೆಕ್ಕ ಇಟ್ಟುಕೊಳ್ಳಿ.

ಒಂದು ಪಟಾಲಂ ಅಂದರೆ ಕಾಗದದ ಮೇಲೆ ಸುಮಾರು ಸಾವಿರ ಜನ. ಅಷ್ಟಕ್ಕೇ ನಿಲ್ಲಿಸಿದರೆ ಕೆಟ್ಟಿರಿ. ನಾನು ಮೊದಲ ಸಲ ಆಡಿದಾಗ ಅಲ್ಲೇ ನಿಲ್ಲಿಸಿದ್ದೆ. ಮದ್ರಾಸ್ ಸೈನ್ಯದ ಸಿಪಾಯಿ ಒಂಟಿಯಾಗಿ ಹೋಗುವವನಲ್ಲ. ಅವನ ಹೆಂಡತಿ, ಮಕ್ಕಳು, ಮುದಿ ತಾಯಿ ಎಲ್ಲರೂ ಪಟಾಲಮಿನ ಹಿಂದೆಯೇ ನಡೆಯುತ್ತಾರೆ. ಅವರ ಹಿಂದೆ ದಿನಸಿಯ ಶೆಟ್ಟರು, ಅಗಸರು, ಕ್ಷೌರಿಕರು, ಚಮ್ಮಾರರು, ನೀರು ಹೊರುವವರು, ಕುದುರೆ ಹುಲ್ಲು ಕೊಯ್ಯುವವರು, ಅಡಿಗೆಯವರು, ಹೆಂಡದವರು, ಜಾಡಮಾಲಿಗಳು. ಒಬ್ಬ ಬಿಳಿ ಅಧಿಕಾರಿಯ ಮನೆಗೇ ಆಳುಕಾಳು ಒಂದು ಡಜನ್. ಹಾಗಾಗಿ ಪಟಾಲಮಿನ ಸಂಖ್ಯೆಯನ್ನು ಐದರಿಂದ ಗುಣಿಸಿ ಶುರು ಮಾಡಿ. ಇದು ಆಟಕ್ಕೆ ನಾನು ಇಟ್ಟುಕೊಂಡ ಅಂದಾಜು, ನೀವು ನಾಲ್ಕು ಅಂದರೂ ಸರಿ, ಆರು ಅಂದರೂ ಸರಿ. ಒಂದು ಅಂತ ಮಾತ್ರ ಅನ್ನಬೇಡಿ.

ಐದು ಸಾವಿರ ಜನಕ್ಕೆ ಆಳಿಗೆ ದಿನಕ್ಕೊಂದು ಸೇರು ಅಕ್ಕಿ, ಅಂದರೆ 900 ಗ್ರಾಂ ಹಿಡಿಯೋಣ. ದಿನಕ್ಕೆ ನಾಲ್ಕೂವರೆ ಟನ್, ಹತ್ತು ದಿನಕ್ಕೆ 45 ಟನ್. ಜೋಡೆತ್ತಿನ ಬಂಡಿಗೆ 400 ಕೆಜಿ ಹೇರಿದರೆ ಅಕ್ಕಿಗೇ 113 ಬಂಡಿ. ಅವಕ್ಕೆ 226 ಎತ್ತು. ಎತ್ತೊಂದಕ್ಕೆ ದಿನಕ್ಕೆ ಹತ್ತು ಕೆಜಿ ಹುಲ್ಲು ಅಂದರೆ ಎರಡು ಟನ್ ದಾಟಿತು. ಆ ಹುಲ್ಲನ್ನೂ ಬಂಡಿಯಲ್ಲೇ ಹೇರುತ್ತೀರಾ? ಹೇರಿದರೆ ಆ ಬಂಡಿಯ ಎತ್ತಿಗೆ ಮತ್ತೆ ಹುಲ್ಲು ಬೇಕು. ಆಡುವವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ, ಕೆರೆದುಕೊಳ್ಳಲಿ, ಯಾಕೆಂದರೆ ಹಳೆಯ ಕಾಲದ ಯುದ್ಧಗಳೆಲ್ಲ ಗೆದ್ದದ್ದೂ ಸೋತದ್ದೂ ಈ ಹುಲ್ಲಿನ ಲೆಕ್ಕದಲ್ಲೇ. ಹೈದರಾಲಿ, ಟಿಪ್ಪು ಅಮೃತಮಹಲ್ ತಳಿಯ ಎತ್ತುಗಳನ್ನು ಅಷ್ಟು ಜೋಪಾನ ಮಾಡಿದ್ದು ಇದಕ್ಕೇ. ಆಮೇಲೆ ಕಂಪನಿಯೂ ಅದೇ ಹಿಂಡಿನ ಬೆನ್ನು ಬಿತ್ತು.

ಉತ್ತರ ಇಷ್ಟೇ. ಎಲ್ಲವನ್ನೂ ಹೇರಬೇಡಿ. ಒಂದು ತಿಂಗಳು ಮುಂಚೆ ಮದ್ದೂರು, ಚನ್ನಪಟ್ಟಣ, ಕ್ಲೋಸ್‌ಪೇಟೆಯ ಅಮಲ್ದಾರರಿಗೆ, ಅಂದರೆ ತಾಲ್ಲೂಕಿನ ಅಧಿಕಾರಿಗಳಿಗೆ, ಚೀಟಿ ಹೋಗಲಿ. ಇಂಥ ದಿನ ಇಷ್ಟು ಅಕ್ಕಿ, ಇಷ್ಟು ಹುಲ್ಲು, ಕುದುರೆಗೆ ಇಷ್ಟು ಹುರುಳಿ, ಒಲೆಗೆ ಇಷ್ಟು ಸೌದೆ. ಅಮಲ್ದಾರನ ಆಳು ಹಳ್ಳಿಗೆ ಹೋಗಿ ಅದನ್ನು ಹೇಗೆ ಎತ್ತಿಕೊಂಡು ಬರುತ್ತಾನೆ ಅನ್ನುವುದನ್ನು ನಿಮ್ಮ ನಕ್ಷೆಯಲ್ಲಿ ತೋರಿಸುವ ಅಗತ್ಯ ಇಲ್ಲ, ಅವರೂ ತೋರಿಸುತ್ತಿರಲಿಲ್ಲ. ಆದರೆ ನಮ್ಮ ಹಾಳೆಯ ಅಂಚಿನಲ್ಲಿ ಒಂದು ಗುರುತು ಹಾಕಿ: ಈ ಹುಲ್ಲು ಯಾರ ದನದ ಬಾಯಿಂದ ಬಂತು?

ಹೊರಡುವ ಕಾಲ ಸಂಕ್ರಾಂತಿಯ ಆಸುಪಾಸು. ಸುಗ್ಗಿ ಮುಗಿದು ಹುಲ್ಲು ಸಿಗುತ್ತದೆ, ಹೊಳೆ ಇಳಿದಿರುತ್ತದೆ. ಕಾವೇರಿಗೆ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ಕಲ್ಲಿನ ವೆಲ್ಲೆಸ್ಲಿ ಸೇತುವೆ ಇದೆ, ಮದ್ದೂರಿನ ಶಿಂಷಾಕ್ಕೆ ಈ ಹೊತ್ತಿಗೆ ಅಂಥ ಸೇತುವೆ ಇಲ್ಲ. ಮಳೆಗಾಲದಲ್ಲಿ ಹೊರಟವರು ಆಟದಲ್ಲಿ ಅಲ್ಲೇ ಸಿಕ್ಕಿಬೀಳುತ್ತಾರೆ. ಎಲ್ಲರನ್ನೂ ಒಟ್ಟಿಗೆ ಕಳಿಸಲೂ ಬೇಡಿ. ಮೊದಲು ಎಂಜಿನಿಯರು, ಕಲ್ಲುಕುಟಿಗರು, ಗಾರೆಯವರು, ಬಾವಿ ತೋಡುವವರು. ಆಮೇಲೆ ಒಂದು ಪಟಾಲಂ. ಅದು ಡೇರೆಯಲ್ಲಿ ನೆಲೆಯಾದ ಮೇಲೆ ಇನ್ನೊಂದು. ಆಸ್ಪತ್ರೆಯಲ್ಲಿ ಇರುವವರು ಕೊನೆಗೆ, ಡೋಲಿಯಲ್ಲಿ.

ಡೇರೆ ಅಂದೆನಲ್ಲ, ಅದರಲ್ಲೇ ಒಂದು ಕಥೆ ಇದೆ. ಸಿಪಾಯಿಗಳ ಡೇರೆ ನೋಡಿಕೊಳ್ಳಲು ಪಟಾಲಮಿನ ಅಧಿಕಾರಿಗೆ ತಿಂಗಳು ತಿಂಗಳು ಗುತ್ತಿಗೆ ಹಣ ಬರುತ್ತಿತ್ತು, ಯುದ್ಧ ಇರಲಿ ಬಿಡಲಿ. ಡೇರೆ ಬಿಚ್ಚದೆ ಇದ್ದರೆ ಅಷ್ಟೂ ಉಳಿತಾಯ, ಯಾರ ಜೇಬಿಗೆ ಅಂತ ಬೇರೆ ಹೇಳಬೇಕೇ? 1808ರಲ್ಲಿ ಮದ್ರಾಸ್ ಸರ್ಕಾರ ಅದನ್ನು ನಿಲ್ಲಿಸಿತು. ಅದೂ ಸೇರಿ ಹಲವು ಕೊರಗುಗಳು ಒಟ್ಟಾಗಿ 1809ರ ಬೇಸಿಗೆ ಮುಗಿದ ಮೇಲೆ ಬಿಳಿ ಅಧಿಕಾರಿಗಳೇ ತಮ್ಮ ಸರ್ಕಾರದ ಮೇಲೆ ತಿರುಗಿಬಿದ್ದರು. ಶ್ರೀರಂಗಪಟ್ಟಣದ ಕೋಟೆ ಬಾಗಿಲು ಹಾಕಿಕೊಂಡರು. ಅವರನ್ನು ಸೇರಲು ಚಿತ್ರದುರ್ಗದಿಂದ ನಡೆದುಬಂದ ಪಟಾಲಮುಗಳ ಮೇಲೆ ಸರ್ಕಾರಿ ಕುದುರೆ ದಂಡು ಬಿತ್ತು. ಸತ್ತವರಲ್ಲಿ ಹೆಚ್ಚಿನವರು ಸಿಪಾಯಿಗಳು, ಜಗಳ ಯಾವುದರದ್ದು ಅಂತಲೂ ಗೊತ್ತಿಲ್ಲದವರು. ಆಟದಲ್ಲಿ ನಿಯಮ: ಬೀಡು ಬದಲಿಸುವ ವರ್ಷ ಯಾರ ಭತ್ಯೆಗೂ ಕೈ ಹಾಕಬೇಡಿ.

ನಕ್ಷೆ

ಹಾಳೆಯ ಮಧ್ಯೆ ಮೊದಲು ಬಿಡಿಸಬೇಕಾದ್ದು ಕಟ್ಟಡ ಅಲ್ಲ, ಕವಾಯತು ಮೈದಾನ. ಪೂರ್ವ ಪಶ್ಚಿಮವಾಗಿ ಉದ್ದಕ್ಕೆ. ಅದರ ದಕ್ಷಿಣದ ಅಂಚೇ ಸೌತ್ ಪೆರೇಡ್, ಅಂದರೆ ಇವತ್ತಿನ ಎಂ.ಜಿ. ರೋಡ್. ಮೆಟ್ರೋದಲ್ಲಿ ಹೋಗುವಾಗ ಉತ್ತರಕ್ಕೆ ತಿರುಗಿದರೆ ಆ ಮೈದಾನ ಇನ್ನೂ ಕಾಣುತ್ತದೆ, ಈಗ ಮಾಣೆಕ್‌ಷಾ ಹೆಸರಲ್ಲಿ. ಪಶ್ಚಿಮದ ತುದಿಗೆ ಸೇಂಟ್ ಮಾರ್ಕ್ಸ್ ಇಗರ್ಜಿ 1812ರ ಹೊತ್ತಿಗೆ ಎದ್ದಿತು, ಪೂರ್ವದ ತುದಿಗೆ ಟ್ರಿನಿಟಿ 1850ರ ಆಸುಪಾಸಿನಲ್ಲಿ.

ಮೈದಾನದ ಉತ್ತರಕ್ಕೆ ಪಡೆಗಳು, ದಕ್ಷಿಣಕ್ಕೆ ಅಧಿಕಾರಿಗಳ ಬಂಗಲೆ. ಇನ್‌ಫೆಂಟ್ರಿ ರೋಡ್, ಕ್ಯಾವಲ್ರಿ ರೋಡ್ (ಈಗಿನ ಕಾಮರಾಜ ರಸ್ತೆ), ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್. ಹೆಸರೇ ನಕ್ಷೆ. ಯಾರಿಗೆ ಯಾವ ಬಗೆಯ ಮನೆ ಅನ್ನುವುದರಲ್ಲಿ ದೊಡ್ಡ ವ್ಯತ್ಯಾಸ ಇದೆ, ಅದನ್ನು ಮರೆಯಬೇಡಿ. ಬಿಳಿ ಸೈನಿಕನಿಗೆ ಸರ್ಕಾರವೇ ಬ್ಯಾರಕ್ ಕಟ್ಟಿಕೊಡುತ್ತದೆ. ಸಿಪಾಯಿಗೆ ಕಟ್ಟುವುದಿಲ್ಲ. ಸಾಲು ಗುರುತು ಹಾಕಿ, ಗುಡಿಸಲಿಗೆ ಅಂತ ಒಂದಿಷ್ಟು ಕಾಸು ಕೊಟ್ಟು, ನೀನೇ ಕಟ್ಟಿಕೋ ಅನ್ನುತ್ತದೆ. ಪಟಾಲಂ ಬೇರೆ ಊರಿಗೆ ಹೋದರೆ ಆ ಮಣ್ಣಿನ ಗೋಡೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಲಾದೀತೇ? ಅಧಿಕಾರಿಗೆ ಮನೆ ಇಲ್ಲ, ಬಾಡಿಗೆ ಭತ್ಯೆ ಇದೆ. ಅವನು ಬಂಗಲೆ ಹುಡುಕಿಕೊಳ್ಳಬೇಕು. 1896ರಲ್ಲಿ ಇಲ್ಲಿಗೆ ಬಂದ ಹುಡುಗ ವಿನ್‌ಸ್ಟನ್ ಚರ್ಚಿಲ್ ಇಬ್ಬರು ಗೆಳೆಯರ ಜತೆ ಸೇರಿ ಎರಡೆಕರೆಯಷ್ಟು ಕಾಂಪೌಂಡಿನ ಬಂಗಲೆ ಹಿಡಿದಿದ್ದ, 30 ಕುದುರೆಗೆ ಲಾಯ ಇತ್ತಂತೆ. ಮೂರು ಜನ, ಮೂವತ್ತು ಕುದುರೆ! ಹಾಳೆಯ ಮೇಲೆ ದಕ್ಷಿಣ ಭಾಗ ಯಾಕೆ ಅಷ್ಟು ಅಗಲ ಬೇಕು ಅಂತ ಗೊತ್ತಾಯಿತಲ್ಲ.

ಬ್ಯಾರಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎತ್ತರದ ಪಾಯ, ಎತ್ತರದ ಸೂರು, ಎರಡೂ ಕಡೆ ಅಗಲವಾದ ಜಗಲಿ, ಎದುರುಬದುರು ಬಾಗಿಲು. ಅಡಿಗೆಮನೆ ಬೇರೆ, ಪಾಯಖಾನೆ ಬೇರೆ, ಎರಡೂ ಗಾಳಿ ಹೋಗುವ ದಿಕ್ಕಿಗೆ. ಬೆಂಗಳೂರಲ್ಲಿ ಮಳೆಗಾಲದ ಗಾಳಿ ನೈಋತ್ಯದಿಂದ, ಚಳಿಗಾಲದ್ದು ಪೂರ್ವ ಈಶಾನ್ಯದಿಂದ. ಎರಡಕ್ಕೂ ಒಪ್ಪುವ ಹಾಗೆ ತಿರುಗಿಸುವುದೇ ಕಷ್ಟ, ಸ್ವಲ್ಪ ಹೆಣಗಿ ನೋಡಿ.

ನೀರಿಗೆ ಬನ್ನಿ. ಹಲಸೂರು ಕೆರೆ ಇದೆ, ಇಲ್ಲಿನವರು ಎಷ್ಟೋ ತಲೆಮಾರು ಹಿಂದೆ ಕಟ್ಟಿದ್ದು. ಹಾಳೆಯಲ್ಲಿ ಏರಿ, ತೂಬು, ಕೋಡಿ ಮೂರನ್ನೂ ಗುರುತಿಸಿ. ಇಳಿಜಾರು ಯಾವ ಕಡೆಗೆ ಅಂತ ಬಾಣ ಹಾಕಿ. ಕೆರೆಯ ಮೇಲ್ಗಡೆ ಏನು ಕಟ್ಟುತ್ತೀರೋ ಅದರ ಕೊಳಕೆಲ್ಲ ಕೆರೆಗೆ ಬರುತ್ತದೆ. ಆ ಕೆರೆಯ ಕೋಡಿ ನೀರು ಕೊನೆಗೆ ಬೆಳ್ಳಂದೂರಿನ ಕಡೆಗೆ ಹೋಗುತ್ತದೆ, ಮುಂದಿನ ಕಥೆ ನಿಮಗೇ ಗೊತ್ತು.

ಇಲ್ಲಿಗೆ ಬಂದಾಗ ಸಾಮಾನ್ಯವಾಗಿ ಯಾರೋ ಒಬ್ಬರು ಕೇಳುತ್ತಾರೆ, 'ಆ ಐದು ಸಾವಿರದಲ್ಲಿ ಉಳಿದ ನಾಲ್ಕು ಸಾವಿರ ಎಲ್ಲಿ ಮಲಗಬೇಕು?' ಕೇಳದಿದ್ದರೆ ನೀವೇ ಕೇಳಿ. ದಂಡಿನ ಪೇಟೆ ಬಿಡಿಸದ ಹಾಳೆ ಪೂರ್ತಿ ಆದಂತಲ್ಲ. ಮೈದಾನದ ಉತ್ತರಕ್ಕೆ, ಪಡೆಗಳ ಬೆನ್ನಿಗೆ ಅಂಟಿಕೊಂಡು, ಅಕ್ಕಿ ಮಂಡಿ, ಕಸಾಯಿಖಾನೆ, ಗಡಂಗು, ಅಗಸರ ಕಟ್ಟೆ, ಮಸೀದಿ, ಮಾರಮ್ಮನ ಗುಡಿ ಬರಬೇಕು. ಅದೇ ಬ್ಲಾಕ್‌ಪಲ್ಲಿ, ಇವತ್ತಿನ ಶಿವಾಜಿನಗರ. ಆರ್ಕಾಟಿನ ಕಡೆಯಿಂದ ಸೈನ್ಯದ ಹಿಂದೆ ಬಂದವರ ಮಾತು ತಮಿಳು, ಆದ್ದರಿಂದ ಇನ್ನೂರು ವರ್ಷ ಆದರೂ ಹಲಸೂರು, ಶಿವಾಜಿನಗರದಲ್ಲಿ ತಮಿಳು ಕಿವಿಗೆ ಬೀಳುತ್ತದೆ. ಬೆಂಗಳೂರಿಗೆ ತಮಿಳರು ಯಾಕೆ ಬಂದರು ಅಂತ ಜಗಳ ಆಡುವವರಿಗೆ ಈ ಅಕ್ಕಿ ಬಂಡಿಯ ಲೆಕ್ಕ ತೋರಿಸಿ.

ಹಿಗ್ಗಿಸುವುದು

ಎರಡನೆಯ ಹಾಳೆ ತೆಗೆಯಿರಿ, ಮೊದಲನೆಯದರ ಮೇಲೆ ಪಾರದರ್ಶಕ ಕಾಗದ ಹಾಸಿದರೆ ಇನ್ನೂ ಚೆನ್ನ. ವರ್ಷ 1863. 1857ರ ದಂಗೆ ಆಗಿದೆ. ಇನ್ನು ಮೇಲೆ ಬಂಗಾಳದಲ್ಲಿ ಇಬ್ಬರು ಸಿಪಾಯಿಗೆ ಒಬ್ಬ, ಮದ್ರಾಸ್ ಬೊಂಬಾಯಿಯಲ್ಲಿ ಮೂವರಿಗೆ ಒಬ್ಬ ಬಿಳಿ ಸೈನಿಕ ಇರಬೇಕು ಅನ್ನುವುದು ಹೊಸ ಸೂತ್ರ. ಅಂದರೆ ಬ್ಯಾರಕ್ ಜಾಸ್ತಿ ಬೇಕು. ಇದೇ ವರ್ಷ ಭಾರತದ ಸೈನ್ಯದ ಆರೋಗ್ಯದ ಬಗ್ಗೆ ರಾಯಲ್ ಕಮಿಷನ್ನಿನ ದಪ್ಪ ವರದಿ ಬಂತು, ಅದರ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ದುಡಿಮೆ ಇತ್ತು. ಭಾರತದಲ್ಲಿ ಬಿಳಿ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದಾರೆ, ಹೆಚ್ಚಿನವರು ಯುದ್ಧದಲ್ಲಲ್ಲ, ರೋಗದಲ್ಲಿ ಅಂತ ಅದು ಹೇಳಿತು.

ಹೊಸ ನಿಯಮ ಹೀಗೆ: ಉದ್ದುದ್ದದ ಒಂದೇ ಬ್ಯಾರಕ್ ಬೇಡ, ಚಿಕ್ಕ ಚಿಕ್ಕದಾಗಿ ಒಡೆಯಿರಿ. ಒಂದು ಇನ್ನೊಂದರ ಗಾಳಿಯನ್ನು ಮುಚ್ಚದ ಹಾಗೆ ಓರೆಯಾಗಿ ನಿಲ್ಲಿಸಿ. ಆಸ್ಪತ್ರೆಗೂ ಅದೇ. 1868ರಲ್ಲಿ ಶುರುವಾದ ಬೌರಿಂಗ್ ಆಸ್ಪತ್ರೆಗೆ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ನಕ್ಷೆಯೇ ಮಾದರಿ, ಬೇರೆ ಬೇರೆ ಸಾಲು, ನಡುವೆ ಗಾಳಿ. ಆದರೆ ಇಷ್ಟು ಬಿಡಿಬಿಡಿಯಾಗಿ ಕಟ್ಟಿದರೆ ಒಂದು ಪಟಾಲಮಿಗೆ ಎಷ್ಟು ನೆಲ ಬೇಕು? ಮೊದಲ ಹಾಳೆಯಲ್ಲಿ ಸುತ್ತ ಖಾಲಿ ಬಿಟ್ಟವರು ಇಲ್ಲಿ ನಗುತ್ತಾರೆ. ಬಿಡದವರು ಹಳ್ಳಿ ಎಬ್ಬಿಸಬೇಕು. ಎಬ್ಬಿಸುವುದಾದರೆ ಯಾವ ಹಳ್ಳಿ, ಅದರ ಗೋಮಾಳ ಎಷ್ಟು, ಗುಡಿ ಎಲ್ಲಿ ಅಂತ ಬರೆದೇ ಮುಂದೆ ಹೋಗಬೇಕು, ಇದು ನಾನು ಸೇರಿಸಿದ ನಿಯಮ.

1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂತು, ನಿಲ್ದಾಣ ದಂಡಿನಲ್ಲಿ. ಬೆಂಗಳೂರು ದಂಡು ಅಂತ ಇವತ್ತಿಗೂ ಬೋರ್ಡ್ ಇದೆ. ಇನ್ನು ಎತ್ತಿನ ಲೆಕ್ಕ ಮುಗಿಯಿತು, ಪಟಾಲಂ ರೈಲಲ್ಲಿ ಬಂದು ಇಳಿಯುತ್ತದೆ, ಹಾಗಾಗಿ ನಿಲ್ದಾಣದಿಂದ ಬ್ಯಾರಕ್ಕಿಗೆ ನೇರ ರಸ್ತೆ ಎಳೆಯಿರಿ. ನೀರು ಸಾಲದೆ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದರು, ಅದೂ ಸಾಲದೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ತಂದರು. ನಿಮ್ಮ ಹಾಳೆಯಲ್ಲೂ ಜನ ದುಪ್ಪಟ್ಟಾದ ಕೂಡಲೇ ಹೊಸ ಕೆರೆ ಗುರುತಿಸಬೇಕು, ಇಲ್ಲದಿದ್ದರೆ ಆಟ ಅಲ್ಲಿಗೇ ನಿಲ್ಲುತ್ತದೆ.

ಕೊನೆಯ ಸುತ್ತು 1898, ಪ್ಲೇಗು. ಒತ್ತೊತ್ತಾಗಿ ಮನೆ ಇದ್ದ ಪೇಟೆಯಲ್ಲಿ ಇಲಿ ಬೀಳುತ್ತದೆ, ಜನ ಬೀಳುತ್ತಾರೆ. ಉತ್ತರಕ್ಕೆ ಅಗಲ ರಸ್ತೆಯ ಹೊಸ ಬಡಾವಣೆ ಬೇಕು. ಫ್ರೇಜರ್ ಟೌನ್ 1910ರಲ್ಲಿ ಬಂದದ್ದು ಈ ಪಾಠದಿಂದ. ನೂರು ವರ್ಷ ತಡವಾಗಿ, ಬ್ಯಾರಕ್ಕಿಗೆ ಹಾಕಿದ್ದ ಗಾಳಿಯ ಲೆಕ್ಕವನ್ನು ಪೇಟೆಯವರಿಗೂ ಹಾಕಿದರು.

ಮುಗಿದ ಮೇಲೆ ಎರಡೂ ಹಾಳೆಯನ್ನು ಈಗಿನ ಊರಿನ ನಕ್ಷೆಯ ಪಕ್ಕದಲ್ಲಿಟ್ಟು ನೋಡಿ. ಮೈದಾನ ಬಹುತೇಕ ಎಲ್ಲರಿಗೂ ಹೊಂದುತ್ತದೆ, ಬಂಗಲೆಗಳೂ ಹೊಂದುತ್ತವೆ. ತಪ್ಪುವುದು ಪೇಟೆಯಲ್ಲೇ. ನನ್ನ ಮೊದಲ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ, ಅದರಲ್ಲಿ ಶಿವಾಜಿನಗರ ಇರಬೇಕಾದ ಕಡೆ ಒಂದು ಅಂದವಾದ ಕುದುರೆ ಲಾಯ ಇದೆ, ಸುತ್ತ ಸಾಲು ಮರ ಬೇರೆ.